ಏದುಸಿರು ಬಿಡುವ ಜೀಪು

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು ೧೪ ಕಿಲೋಮೀಟರು. ಬಸ್ಸಿನಲ್ಲಿ ಕುಳಿತವರಿಗೆ ಕಣ್ಣು ಮುಚ್ಚಿ ತೆರೆಯುವಷ್ಟರ ಹಾದಿ. ಒಂದೆಡೆ ಬಾತಿಯ ಗುಡ್ಡ, ಸುತ್ತ ಭದ್ರಾ ನಾಲೆಯ ನೀರುಂಡ ಗದ್ದೆಬಯಲು, ಕೊನೆಗೆ ತುಂಗಭದ್ರೆ. ಆದರೆ ಇದೇ ಹಾದಿಯನ್ನು ಅರವತ್ತು ವರ್ಷದ ಜೀಪೊಂದರಲ್ಲಿ ಕ್ರಮಿಸಹೊರಟವನ ಪಾಡು ಬೇರೆ. ಅಂಥದೊಂದು ಜೀಪನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ತಾತನ ಕಾಲದಲ್ಲಿ ಕೊಂಡದ್ದು. ಮನೆಯ ಮಕ್ಕಳೆಲ್ಲ ಅದರ ಹಿಂಬದಿಯ ಬೆಂಚಿನ ಮೇಲೆ ಕುಳಿತೇ ಜಾತ್ರೆ ಕಂಡವರು. ಮುಂಜಾನೆ ಪಿ.ಬಿ. ರಸ್ತೆಯಲ್ಲಿ ಹೊರಟಾಗ ಅದರ ಸದ್ದೇ ಸೊಗಸು. ಏಳೆಂಟು ಕಿಲೋಮೀಟರು ಕಳೆಯುವುದರೊಳಗೆ ಅದಕ್ಕೆ ಏದುಸಿರು ಹತ್ತುತ್ತದೆ. ಆಕ್ಸಲರೇಟರನ್ನು ಎಷ್ಟು ತುಳಿದರೂ ವೇಗವಿಲ್ಲ. ಒಂದೆರಡು ಸಲ ಕೆಮ್ಮುತ್ತದೆ, ಮುಗ್ಗರಿಸುತ್ತದೆ, ರಸ್ತೆಯ ಮಗ್ಗುಲಿಗೆ ಸರಿದು ನಿಂತೇ ಬಿಡುತ್ತದೆ. ಇಪ್ಪತ್ತು ನಿಮಿಷ ಬೇವಿನ ನೆರಳಿನಲ್ಲಿ ಕಾದರೆ ಏನೂ ಆಗಿರಲಿಲ್ಲವೆಂಬಂತೆ ಹೊರಡುತ್ತದೆ. ಹರಿಹರ ಕಣ್ಣಿಗೆ ಬೀಳುವ ಹೊತ್ತಿಗೆ ಮತ್ತೆ ಅದೇ ಕಥೆ.

ನಿಂತ ಜೀಪಿನ ಸುತ್ತ ವೈದ್ಯರಿಗೆ ಬರವಿಲ್ಲ. ಹಾದು ಹೋಗುವ ಲಾರಿಯವನು ಕಾಯಿಲು ಸುಟ್ಟಿದೆ ಎನ್ನುತ್ತಾನೆ. ಟ್ರಾಕ್ಟರಿನವನು ಪಂಪು ಹೋಗಿದೆ ಎನ್ನುತ್ತಾನೆ. ಸೈಕಲ್ಲು ನಿಲ್ಲಿಸಿ ಇಣುಕಿದವನಿಗೂ ಒಂದು ಮತ ಉಂಟು. ಕೊನೆಗೆ ಗಾಡಿ ಗ್ಯಾರೇಜು ಸೇರುತ್ತದೆ. ಅಲ್ಲಿ ಅದು ತಣ್ಣಗೆ, ಸುಖವಾಗಿ, ದೋಷದ ಸುಳಿವೇ ಇಲ್ಲದೆ ಓಡುತ್ತದೆ. ಮೇಸ್ತ್ರಿ ತಲೆ ಕೆರೆದುಕೊಂಡು ತೀರ್ಪು ಕೊಡುತ್ತಾನೆ:

“ಸಾಹುಕಾರ್ರೇ, ಎಂಜಿನ್ ಹೋಗೈತಿ ಬಿಡ್ರಿ. ಬೋರು ಹೊಡಸ್ರಿ, ಇಲ್ಲಾ ಡೀಸಲ್ ಕೂರಸ್ರಿ.”

“ತಣ್ಣಗಿದ್ದಾಗ ಚಲೋ ಓಡ್ತೈತಲ್ರಿ ಮೇಸ್ತ್ರಿ?”

“ವಯಸ್ಸಾದೋರು ಹಂಗೇ ರೀ. ಮುಂಜಾನೆ ಚಲೋ, ಮಧ್ಯಾಹ್ನ ಸುಸ್ತು.”

ಉಪಮೆ ಚೆನ್ನಾಗಿದೆ, ನಿದಾನ ಮಾತ್ರ ಸಂದೇಹಾಸ್ಪದ. ಸವೆದ ಎಂಜಿನು ಇಪ್ಪತ್ತು ನಿಮಿಷದ ವಿಶ್ರಾಂತಿಯಿಂದ ಯೌವನವನ್ನು ಮರಳಿ ಪಡೆಯುವುದಿಲ್ಲ. ಅದು ಬೆಳಗ್ಗೆಯೂ ದುರ್ಬಲ, ಸಂಜೆಯೂ ದುರ್ಬಲ. ಹೊಗೆಯುಗುಳುತ್ತದೆ, ಎಣ್ಣೆ ಕುಡಿಯುತ್ತದೆ. ಬಂದು ಹೋಗುವ ದೋಷಕ್ಕೆ ಬಂದು ಹೋಗುವ ಕಾರಣವನ್ನೇ ಹುಡುಕತಕ್ಕದ್ದು. ಅದನ್ನು ಹುಡುಕುವ ಹೊತ್ತಾದರೂ ಯಾವುದು? ಗಾಡಿ ನಿಂತ ಆ ಮೊದಲ ಎರಡು ಮೂರು ನಿಮಿಷ. ತಣ್ಣಗಾದ ಮೇಲೆ ಸಾಕ್ಷಿಯೆಲ್ಲ ಅಳಿಸಿ ಹೋಗಿರುತ್ತದೆ. ಹಳೆಯ ಜೀಪಿನ ಒಡೆಯರು ಕಳೆದುಕೊಳ್ಳುವ ಹಣದಲ್ಲಿ ದೊಡ್ಡ ಪಾಲು ಈ ಮೂರು ನಿಮಿಷಗಳನ್ನು ಬೇವಿನ ನೆರಳಿನಲ್ಲಿ ಕಳೆದುದರ ಬೆಲೆಯೇ ಆಗಿದೆ.

ಹಣಕ್ಕಿಂತ ಮಿಗಿಲಾದ ನಷ್ಟವೂ ಒಂದುಂಟು. ೨೦೨೧ರ ಜುಲೈ ತಿಂಗಳಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಾಗಿ ೫೦ ವರ್ಷ ದಾಟಿದ ಸ್ವಂತ ಬಳಕೆಯ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿ ದೊರೆಯುತ್ತದೆ. ಆದರೆ ಗಾಡಿ ತನ್ನ ಮೂಲರೂಪದಲ್ಲಿ ಉಳಿದಿರಬೇಕು. ಚಾಸಿಯಲ್ಲಾಗಲಿ, ಬಾಡಿಯಲ್ಲಾಗಲಿ, ಎಂಜಿನಿನಲ್ಲಾಗಲಿ ದೊಡ್ಡ ಮಾರ್ಪಾಡು ಆಗಿರಕೂಡದು. ಹೀಗಿರಲು, ಟ್ಯಾಂಕಿನಲ್ಲಿ ಸೇರಿದ ಚಿಟಿಕೆ ತುಕ್ಕಿನ ದೆಸೆಯಿಂದ ಮೂಲ ಎಂಜಿನನ್ನು ಇಳಿಸಿ ಗುಜರಿಗೆ ಹಾಕಿ ಡೀಸೆಲ್ ಎಂಜಿನು ಕೂರಿಸಿದವನು ಆ ಗೌರವವನ್ನೂ ತೂಕಕ್ಕೆ ಮಾರಿದಂತೆಯೇ. (ಈ ನೋಂದಣಿ ಪಡೆದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ತುಂಬಿಸುವುದು ಇಂಥ ಕಾರಣಗಳಿಗಷ್ಟೇ ರಸ್ತೆಗಿಳಿಸಬೇಕು. ನಿತ್ಯವೂ ತೋಟಕ್ಕೆ ಹೋಗಬೇಕೆನ್ನುವವರು ಮಾಮೂಲು ನೋಂದಣಿಯನ್ನೇ ನವೀಕರಿಸಿಕೊಳ್ಳುವುದು ಲೇಸು.)

ಈ ಜೀಪು ನಮ್ಮ ನಾಡಿಗೆ ಬಂದುದು ಹೇಗೆಂಬುದನ್ನು ಎರಡು ಮಾತಿನಲ್ಲಿ ಹೇಳಬಹುದು. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದ ವಿಲಿಸ್ ಕಂಪೆನಿ ತಯಾರಿಸಿದ ಗಾಡಿ, ೧೯೪೦ರ ದಶಕದ ಕೊನೆಯಲ್ಲಿ ಮಹೀಂದ್ರಾ ಕಂಪೆನಿಯ ಮೂಲಕ ಮುಂಬಯಿಯಲ್ಲಿ ಜೋಡಣೆಯಾಗತೊಡಗಿತು. ೧೯೫೨ರ ಅಕ್ಟೋಬರ್ ೨ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಬ್ಲಾಕಿನ ಅಧಿಕಾರಿಯ ಜೀಪು ಹಳ್ಳಿಗಳಲ್ಲಿ ಸರಕಾರದ ಗುರುತಾಯಿತು. ಧೂಳೆದ್ದರೆ ಸರಕಾರ ಬಂತೆಂದು ಮಕ್ಕಳು ಓಡಿ ಬರುತ್ತಿದ್ದ ಕಾಲವದು. ಮೊದಲ ಜೀಪುಗಳ ಎಂಜಿನಿನಲ್ಲಿ ಎಲ್ಲ ವಾಲ್ವುಗಳೂ ಬ್ಲಾಕಿನ ಪಕ್ಕದಲ್ಲೇ ಇದ್ದವು. ಶಕ್ತಿ ೬೦ ಕುದುರೆ. ೧೯೫೩ರಲ್ಲಿ ಬಂದ ಸಿಜೆ-೩ಬಿ ಎಂಬ ಮಾದರಿಯಲ್ಲಿ ಒಳಗೆಳೆಯುವ ವಾಲ್ವು ಮೇಲಕ್ಕೇರಿತು, ಹೊಗೆ ಬಿಡುವ ವಾಲ್ವು ಪಕ್ಕದಲ್ಲೇ ಉಳಿಯಿತು. ಎಂಜಿನು ಎತ್ತರವಾದುದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಶಕ್ತಿ ಎಪ್ಪತ್ತನ್ನು ದಾಟಿತು. ಒಂದೇ ದೇಹದಲ್ಲಿ ಎರಡು ಸಂಪ್ರದಾಯಗಳು ಸೇರಿದ ಈ ಎಂಜಿನಿನ ಗುಟ್ಟನ್ನು ಹರಿಹರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರ ಊರಿನ ದೇವರ ಮೂರ್ತಿಯನ್ನು ನೋಡಿದರೆ ಸಾಕು.

ಎರಡೂ ಎಂಜಿನುಗಳ ಗಾತ್ರ ಒಂದೇ, ಸುಮಾರು ೨,೨೦೦ ಸಿ.ಸಿ. ಎರಡರ ಬೇಡಿಕೆಯೂ ಒಂದೇ. ಸಕಾಲಕ್ಕೆ ಕಿಡಿ, ಹದವಾದ ಪೆಟ್ರೋಲು, ಧಾರಾಳವಾದ ಗಾಳಿ, ಬಿಗಿಯಾದ ಒತ್ತಡ. ಇವಿಷ್ಟು ದೊರೆತರೆ ಅದು ಓಡಲೇಬೇಕು. ಇಂದಿನ ಕಾರಿನ ಹಾಗೆ ಅಡಗಿಸಿಟ್ಟ ಕಂಪ್ಯೂಟರು ಇದರಲ್ಲಿಲ್ಲ. ಮುಚ್ಚುಮರೆಯಿಲ್ಲದ ಯಂತ್ರ, ಕೇಳುವ ಕ್ರಮವರಿತವನಿಗೆ ಎಲ್ಲವನ್ನೂ ಒಪ್ಪಿಸಿಬಿಡುತ್ತದೆ.

ಮೊದಲು ಗಮನಿಸಬೇಕಾದುದು ಅದು ನಿಲ್ಲುವ ರೀತಿ. ಸ್ವಿಚ್ಚನ್ನು ಯಾರೋ ತಟ್ಟನೆ ಆರಿಸಿದಂತೆ ಒಮ್ಮೆಗೇ ಸದ್ದಡಗಿದರೆ ಅನುಮಾನ ವಿದ್ಯುತ್ತಿನ ಕಡೆಗೆ. ಎಳೆತ ಕಡಮೆಯಾಗುತ್ತ, ಜಗ್ಗುತ್ತ, ಕೆಮ್ಮುತ್ತ, ಆಕ್ಸಲರೇಟರು ಬಿಟ್ಟರೆ ಸ್ವಲ್ಪ ಚೇತರಿಸಿಕೊಂಡು ಮತ್ತೆ ತುಳಿದೊಡನೆ ಕುಸಿಯುತ್ತ ನಿಂತರೆ ಅನುಮಾನ ಪೆಟ್ರೋಲಿನ ಕಡೆಗೆ. ಈ ನಿಯಮಕ್ಕೆ ಅಪವಾದಗಳಿಲ್ಲದೆ ಇಲ್ಲ. ಕೆಟ್ಟ ಕಂಡೆನ್ಸರು ಕೆಲವೊಮ್ಮೆ ಕೆಮ್ಮಿಸಿಯೇ ನಿಲ್ಲಿಸುತ್ತದೆ. ಆದರೂ ಹತ್ತಕ್ಕೆ ಎಂಟು ಸಲ ದಾರಿ ತೋರಿಸುವ ನಿಯಮವನ್ನು ಎರಡು ಸಲದ ಅಪವಾದಕ್ಕಾಗಿ ಬಿಡುವುದು ಜಾಣತನವಲ್ಲ.

ಚಾಲಕನ ಆಸನದಿಂದ ಏಳದೆಯೇ ಮಾಡಬಹುದಾದ ಇನ್ನೊಂದು ಪರೀಕ್ಷೆಯಿದೆ. ಗಾಡಿ ಸೋಲತೊಡಗಿದ ಕ್ಷಣದಲ್ಲೇ ಚೋಕನ್ನು ಅರ್ಧ ಎಳೆದು ನೋಡಬೇಕು. ಚೋಕು ಗಾಳಿಯನ್ನು ತಡೆದು ಪೆಟ್ರೋಲಿನ ಪಾಲನ್ನು ಹೆಚ್ಚಿಸುತ್ತದೆ. ಎಳೆದೊಡನೆ ಎಂಜಿನು ಜೀವ ತಳೆದರೆ ಅದು ಪೆಟ್ರೋಲಿಲ್ಲದೆ ಹಸಿದಿತ್ತೆಂದು ಅರ್ಥ: ಒಂದೋ ಪೆಟ್ರೋಲು ಸಾಲದು, ಇಲ್ಲವೆ ಎಲ್ಲಿಂದಲೋ ಕಳ್ಳಗಾಳಿ ನುಗ್ಗುತ್ತಿದೆ. ಎಳೆದುದರಿಂದ ಇನ್ನಷ್ಟು ಹದಗೆಟ್ಟರೆ ಪೆಟ್ರೋಲಿನ ಕೊರತೆಯನ್ನು ಬದಿಗಿಟ್ಟು ಬೇರೆ ಕಡೆ ನೋಡಬೇಕು. ಬಿಡಿಗಾಸಿನ ಖರ್ಚೂ ಇಲ್ಲದ ಈ ಉಪಾಯವನ್ನು ಅರಿಯದೆ ಕಾಯಿಲಿನ ಮೇಲೆ ಕಾಯಿಲು ಕೊಂಡವರು ಉಂಟು.

ಇನ್ನು ಗಾಡಿ ನಿಂತಿತು. ಬೀಡಿ ಸಿಗರೇಟು ಸೇದುವವರನ್ನು ಮೊದಲು ದೂರ ಕಳುಹಿಸಿ ಬಾನೆಟ್ಟು ಎತ್ತಬೇಕು. ಗಾಳಿಯ ಶೋಧಕದ ಕೊಳವೆಯನ್ನು ಕಳಚಿ, ಕಾರ್ಬುರೇಟರಿನ ಗಂಟಲಿನೊಳಗೆ ನೋಡುತ್ತ ಆಕ್ಸಲರೇಟರಿನ ಸರಳನ್ನು ಕೈಯಿಂದ ಒಮ್ಮೆ ಪೂರ್ತಿ ಎಳೆಯಬೇಕು. ಒಳಗೆ ಪೆಟ್ರೋಲಿನ ಸಣ್ಣ ಧಾರೆ ಚಿಮ್ಮಿದರೆ ಬಟ್ಟಲಿನಲ್ಲಿ ಪೆಟ್ರೋಲು ಇದೆ. ಏನೂ ಚಿಮ್ಮದಿದ್ದರೆ ಬಟ್ಟಲು ಬರಿದು. ಅನಂತರ ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ದಪ್ಪ ತಂತಿಯನ್ನು ಡಿಸ್ಟ್ರಿಬ್ಯೂಟರಿನ ಕಡೆಯಿಂದ ಬಿಡಿಸಿ, ಕಾರ್ಬುರೇಟರಿನಿಂದ ದೂರದಲ್ಲಿ, ಒಣ ಬಟ್ಟೆ ಸುತ್ತಿ ಹಿಡಿದು, ತುದಿ ಎಂಜಿನಿನ ಬ್ಲಾಕಿಗೆ ಕಾಲಂಗುಲದಷ್ಟು ಅಂತರದಲ್ಲಿರುವಂತೆ ಮಾಡಿ ಸೆಲ್ಫು ಹೊಡೆಸಬೇಕು. ಚಟಚಟನೆ ನೀಲಿ ಕಿಡಿ ಹಾರಿದರೆ ಕಾಯಿಲೂ ಪಾಯಿಂಟೂ ನಿರಪರಾಧಿಗಳು. ಮಂಕಾದ ಹಳದಿ ಕಿಡಿ ಬಂದರೆ, ಅಥವಾ ಬರದೇ ಹೋದರೆ, ಪೆಟ್ರೋಲಿನ ಗೊಡವೆ ಬೇಡ. ಇಷ್ಟಕ್ಕೆ ಮೂರು ನಿಮಿಷ ಧಾರಾಳವಾಗಿ ಸಾಕು. ರೋಗ ಅರ್ಧ ಪಾಲಿನಷ್ಟು ಸೆರೆ ಸಿಕ್ಕಂತೆಯೇ.

ಕಿಡಿಯದೇ ದೋಷವಾದಲ್ಲಿ ಹುಡುಕಾಟ ಅಷ್ಟೇನೂ ವಿಸ್ತಾರವಲ್ಲ. ಬಿಸಿಯೇರಿದಾಗ ಕೈಕೊಟ್ಟು ತಣಿದಾಗ ಸರಿಯಾಗುವ ಗುಣ ಕಾಯಿಲಿಗೂ ಕಂಡೆನ್ಸರಿಗೂ ಇದೆ. ಇವೆರಡರಲ್ಲಿ ಅಪರಾಧಿ ಯಾವುದೆಂದು ತಿಳಿಯಲು ಒಳ್ಳೆಯದೆಂದು ಖಾತ್ರಿಯಾದ ಒಂದೊಂದು ಜೊತೆಯಲ್ಲಿದ್ದರೆ ಒಂದಾದ ಮೇಲೊಂದು ಬದಲಿಸಿ ನೋಡಬಹುದು. ಎರಡನ್ನೂ ಒಮ್ಮೆಗೇ ಬದಲಿಸಿದರೆ ಗಾಡಿ ಓಡೀತು, ಕಾರಣ ಮಾತ್ರ ತಿಳಿಯದು. ಪಾಯಿಂಟಿನ ಸಂದು ಸಾಮಾನ್ಯವಾಗಿ ೦.೦೨೦ ಅಂಗುಲ, ಪ್ಲಗ್ಗಿನ ಸಂದು ೦.೦೩೦ ಅಂಗುಲ. ಪಾಯಿಂಟಿನ ನಾರಿನ ಹಿಮ್ಮಡಿ ಸವೆದಂತೆ ಸಂದು ಮುಚ್ಚುತ್ತ ಬರುತ್ತದೆ, ಕಿಡಿ ತಡವಾಗುತ್ತದೆ, ಎಳೆತ ಕುಗ್ಗುತ್ತದೆ. ಡಿಸ್ಟ್ರಿಬ್ಯೂಟರಿನ ಒಳಗೆ ಪಾಯಿಂಟಿನ ತಟ್ಟೆಗೆ ಬರುವ ಪುಟ್ಟ ತಂತಿ ಹೊರಗೆ ನೆಟ್ಟಗೆ ಕಂಡರೂ ಒಳಗೆ ಎಳೆ ಕಡಿದಿರಬಹುದು. ಅಮ್ಮೀಟರು ಜೀವಂತವಾಗಿರುವ ಜೀಪಾದರೆ ಅದೇ ಒಂದು ಸಾಕ್ಷಿ. ಸ್ವಿಚ್ಚು ಹಾಕಿ ಎಂಜಿನನ್ನು ಹ್ಯಾಂಡಲಿನಿಂದ ನಿಧಾನವಾಗಿ ತಿರುಗಿಸಿದಾಗ, ಪಾಯಿಂಟು ತೆರೆದು ಮುಚ್ಚಿದಂತೆಲ್ಲ ಮುಳ್ಳು ತುಸು ಆಡಬೇಕು. ಮುಳ್ಳು ಸೊನ್ನೆಯಲ್ಲೇ ನಿಂತಿದ್ದರೆ ಸ್ವಿಚ್ಚಿನಿಂದ ಪಾಯಿಂಟಿನವರೆಗೆ ಎಲ್ಲೋ ಹಾದಿ ಕಡಿದಿದೆ. ಎಂಜಿನನ್ನು ಚಾಸಿಗೆ ಕೂಡಿಸುವ ಅರ್ತಿನ ಪಟ್ಟಿಯನ್ನು ನೋಡುವವರೇ ಇಲ್ಲ. ಬಣ್ಣ ಬಳಿಯುವಾಗ ಅದರಡಿಗೂ ಬಳಿದು ಬಿಡುವುದುಂಟು.

ಇಲ್ಲಿ ಹರಿಹರದ ಹೆಸರು ಇನ್ನೊಂದು ಕಾರಣಕ್ಕೆ ನೆನಪಾಗುತ್ತದೆ. ೧೯೪೧ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಅಲ್ಲಿ ಸ್ಥಾಪಿತವಾಗಿ ಹರಿಹರದ ಲೇತುಗಳು ದೇಶದ ಉದ್ದಗಲಕ್ಕೂ ಹೋದವು. ಆ ಕಾರ್ಖಾನೆ ಇಂದಿಲ್ಲ. ಆದರೆ ಸಾವಿರದ ಒಂದು ಪಾಲು ಅಂಗುಲವನ್ನು ಲೆಕ್ಕಕ್ಕೆ ಹಿಡಿಯುವ ಕಸುಬು ಹಳೆಯ ಜೀಪಿಗೆ ಇಂದಿಗೂ ಬೇಕು. ಡಿಸ್ಟ್ರಿಬ್ಯೂಟರಿನ ನಡುದಂಡ ತನ್ನ ಬುಷ್ಷಿನಲ್ಲಿ ಅತ್ತಿತ್ತ ಅಲುಗಾಡುತ್ತಿದ್ದರೆ ಪಾಯಿಂಟಿನ ಸಂದನ್ನು ಎಷ್ಟು ಸಲ ಹೊಂದಿಸಿದರೂ ಅದು ಒಂದೊಂದು ಸಿಲಿಂಡರಿಗೆ ಒಂದೊಂದು ಆಗುತ್ತದೆ. ಹೊಸ ಡಿಸ್ಟ್ರಿಬ್ಯೂಟರಿಗಾಗಿ ಊರೂರು ಅಲೆಯುವ ಬದಲು, ಒಳ್ಳೆಯ ಟರ್ನರ್ ಒಬ್ಬನಿಂದ ಕಂಚಿನ ಬುಷ್ಷು ಕಡೆಸಿ ಕೂರಿಸಿದರೆ ಹಳೆಯದೇ ನೇರವಾಗುತ್ತದೆ.

ಆದರೆ ಮೇಲೆ ಹೇಳಿದ ಜೀಪು ತಟ್ಟನೆ ನಿಂತುದಲ್ಲ, ಕೆಮ್ಮಿ ನಿಂತುದು. ಚೋಕು ಎಳೆದಾಗ ನೂರು ಗಜ ಹೆಚ್ಚು ಓಡಿತು. ಗಂಟಲಿನಲ್ಲಿ ಧಾರೆ ಚಿಮ್ಮಲಿಲ್ಲ. ಕಿಡಿ ನೀಲಿಯಾಗಿಯೇ ಇತ್ತು. ಹಾಗಾದರೆ ಟ್ಯಾಂಕಿನ ತುಂಬ ಪೆಟ್ರೋಲಿದ್ದೂ ಬಟ್ಟಲು ಬರಿದಾದುದು ಹೇಗೆ?

ಹಳೆಯ ಜೀಪಿನ ಟ್ಯಾಂಕು ಮುಂಗಡೆಯ ಆಸನದ ಕೆಳಗೆ ಇರುತ್ತದೆ. ಎಂಜಿನಿನ ಪಕ್ಕದ ಯಾಂತ್ರಿಕ ಪಂಪು ಅಲ್ಲಿಂದ ಪೆಟ್ರೋಲನ್ನು ಹೀರಿ, ಚದರ ಅಂಗುಲಕ್ಕೆ ಎರಡು ಮೂರು ಪೌಂಡಿನ ಅಲ್ಪ ಒತ್ತಡದಿಂದ ಕಾರ್ಬುರೇಟರಿಗೆ ದಾಟಿಸುತ್ತದೆ. ಪಂಪಿನಿಂದಾಚೆಗೆ ತೂತಾದರೆ ಪೆಟ್ರೋಲು ಹೊರಗೆ ತೊಟ್ಟಿಕ್ಕುತ್ತದೆ. ಕಣ್ಣಿಗೂ ಮೂಗಿಗೂ ಗೊತ್ತಾಗುತ್ತದೆ. ಟ್ಯಾಂಕಿಗೂ ಪಂಪಿಗೂ ನಡುವೆ ತೂತಾದರೆ ಎಂಜಿನು ಓಡುವಾಗ ಏನೂ ತೊಟ್ಟಿಕ್ಕುವುದಿಲ್ಲ, ಗಾಳಿಯೇ ಒಳಗೆ ನುಗ್ಗುತ್ತದೆ. ಹನಿಯೂ ಚೆಲ್ಲದ ಈ ಸೋರಿಕೆ ಎಂಥ ಮೇಸ್ತ್ರಿಯನ್ನೂ ಮೋಸಗೊಳಿಸಬಲ್ಲದು. ಪಂಪಿನ ಮೇಲಿನ ಗಾಜಿನ ಬಟ್ಟಲಿನ ವಾಷರು ಒಣಗಿ ಸೀಳಿದ್ದರೂ ಇದೇ ಫಲ. ಗಾಜಿನೊಳಗೆ ಗುಳ್ಳೆಗಳು ಸತತವಾಗಿ ಏಳುತ್ತಿದ್ದರೆ ಕಳ್ಳ ಸಿಕ್ಕಂತೆ.

ಇಪ್ಪತ್ತು ನಿಮಿಷದ ವಿಶ್ರಾಂತಿಯಿಂದ ಗುಣವಾಗುವ ರೋಗಗಳು ಪೆಟ್ರೋಲಿನ ಹಾದಿಯಲ್ಲಿ ಹಲವುಂಟು, ಗೊಂದಲವಿರುವುದೇ ಇಲ್ಲಿ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಇರುವ ಕಿರಿದಾದ ರಂಧ್ರ ಮುಚ್ಚಿದ್ದರೆ, ಪೆಟ್ರೋಲು ಖಾಲಿಯಾದಷ್ಟೂ ಟ್ಯಾಂಕಿನೊಳಗೆ ನಿರ್ವಾತ ಹೆಚ್ಚಿ ಪಂಪು ಸೋಲುತ್ತದೆ. ನಿಂತ ಮೇಲೆ ಗಾಳಿ ಮೆಲ್ಲಗೆ ಸೇರಿ ಗಾಡಿ ಹೊರಡುತ್ತದೆ. ನಿಂತೊಡನೆ ಮುಚ್ಚಳವನ್ನು ತಿರುಗಿಸಿದಾಗ ಬುಸ್ಸೆಂಬ ಸದ್ದು ಕೇಳಿದರೆ ತಪಾಸಣೆ ಅಲ್ಲಿಗೇ ಮುಗಿಯಿತು. ಬಾತಿಯ ಕಡೆಯಾಗಲಿ, ಕೊಂಡಜ್ಜಿಯ ಗುಡ್ಡದ ಮಣ್ಣುದಾರಿಯಲ್ಲಾಗಲಿ ಬೇಸಿಗೆಯಲ್ಲಿ ತಿರುಗುವ ಜೀಪಿಗೆ ಈ ರಂಧ್ರ ಮುಚ್ಚಲು ಒಂದು ದಿನದ ಧೂಳು ಸಾಕು. ಇನ್ನು ಟ್ಯಾಂಕಿನ ತಳದ ತುಕ್ಕು ಮತ್ತು ಕಸ. ಪಂಪು ಹೀರುತ್ತಿರುವಾಗ ಅದು ಕೊಳವೆಯ ಬಾಯಿಗೆ ಬಂದು ಅಂಟಿಕೊಳ್ಳುತ್ತದೆ, ಹೀರುವುದು ನಿಂತೊಡನೆ ಕಳಚಿ ಕೆಳಗೆ ಬೀಳುತ್ತದೆ. ಮೂರನೆಯದಾಗಿ ಬಿಸಿಲು. ಪೆಟ್ರೋಲಿನ ಹಗುರವಾದ ಅಂಶಗಳು ೪೦ ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗತೊಡಗುತ್ತವೆ. ಏಪ್ರಿಲ್ ತಿಂಗಳ ದಾವಣಗೆರೆಯ ಮಧ್ಯಾಹ್ನದಲ್ಲಿ, ಸೈಲೆನ್ಸರಿನ ಕೊಳವೆಗೆ ತಾಗಿದಂತೆ ಹೋದ ಪೈಪಿನೊಳಗೆ ಪೆಟ್ರೋಲು ಆವಿಯಾಗಿ ನಿಂತರೆ ಪಂಪು ಆವಿಯನ್ನೇ ಅಗಿಯುತ್ತಿರುತ್ತದೆ. ಪಂಪಿಗೂ ಪೈಪಿಗೂ ಒದ್ದೆ ಬಟ್ಟೆ ಸುತ್ತಿ ಒಂದೆರಡು ನಿಮಿಷದಲ್ಲಿ ಎಂಜಿನು ಏಳುವುದಾದರೆ ಇದೇ ಕಾರಣ. ಮಾಗಿಯ ಚಳಿಯಲ್ಲೂ ನಿಲ್ಲುವ ಗಾಡಿಗೆ ಒದ್ದೆ ಬಟ್ಟೆಯಿಂದ ಪ್ರಯೋಜನವಿಲ್ಲ.

ಈ ಪಟ್ಟಿಗೆ ಇತ್ತೀಚಿನ ವರ್ಷಗಳಲ್ಲಿ ಹೊಸದೊಂದು ಸೇರಿಕೊಂಡಿದೆ. ೨೦೨೩ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಶೇಕಡ ೨೦ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆಯಿತು. ೨೦೨೫ರ ಹೊತ್ತಿಗೆ ಅದು ದೇಶದಾದ್ಯಂತ ಹರಡಿತು. ಕಬ್ಬು ಬೆಳೆಯುವವರಿಗೆ ಅದರಿಂದ ಲಾಭವುಂಟೆಂಬುದು ಬೇರೆಯ ಮಾತು. ಆದರೆ ೧೯೬೦ರ ಎಂಜಿನನ್ನು ಯೋಜಿಸಿದವರ ಮನಸ್ಸಿನಲ್ಲಿ ಈ ಪೆಟ್ರೋಲು ಇರಲಿಲ್ಲ. ಅಪ್ಪಟ ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಅದರ ೧೪.೭ರಷ್ಟು ಗಾಳಿ ಬೇಕು. ಎಥನಾಲಿಗೆ ೯ರಷ್ಟು ಸಾಕು. ಕಾರ್ಬುರೇಟರಿನ ಜೆಟ್ಟಿನ ತೂತು ಮಾತ್ರ ಮೊದಲಿನಷ್ಟೇ ಇರುವುದರಿಂದ ಎಂಜಿನಿಗೆ ಪೆಟ್ರೋಲಿನ ಪಾಲು ತೆಳುವಾಗುತ್ತದೆ. ತುಸು ಶಕ್ತಿ ಕುಂದುವುದು, ಬೆಳಗ್ಗೆ ಚೋಕನ್ನು ಹೆಚ್ಚು ಹೊತ್ತು ಬೇಡುವುದು ಇದರ ಲಕ್ಷಣ. ಜೆಟ್ಟನ್ನು ಒಂದು ಅಂಕದಷ್ಟು ದೊಡ್ಡದಾಗಿಸಿ, ಪ್ಲಗ್ಗಿನ ಬಣ್ಣ ನೋಡಿ ನಿರ್ಧರಿಸಬಹುದು: ಬಿಳಿಚಿಕೊಂಡಿದ್ದರೆ ಪೆಟ್ರೋಲು ಸಾಲದು, ಮಸಿ ಹಿಡಿದಿದ್ದರೆ ಹೆಚ್ಚು, ಬೂದು ಮಿಶ್ರಿತ ಕಂದಾದರೆ ಹದ.

ಅದಕ್ಕಿಂತ ಹೆಚ್ಚಿನ ಉಪದ್ರವ ಬೇರೆ ಇದೆ. ಎಥನಾಲು ಹಳೆಯ ಟ್ಯಾಂಕಿನಲ್ಲಿ ವರ್ಷಾನುಗಟ್ಟಲೆ ಹೆಪ್ಪುಗಟ್ಟಿದ ಅಂಟನ್ನು ಕರಗಿಸಿ, ಅದು ಹಿಡಿದಿಟ್ಟಿದ್ದ ತುಕ್ಕನ್ನು ಸಡಿಲಗೊಳಿಸಿ ಪೈಪಿಗೆ ಕಳುಹಿಸುತ್ತದೆ. ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲವೆಲ್ಲ ಕೊಟ್ಟಿಗೆಯಲ್ಲಿ ನಿಂತ ಜೀಪಿನಲ್ಲಿ ಎಥನಾಲೂ ನೀರೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯಬಹುದು. ಹಳೆಯ ಕಾಲದ ರಬ್ಬರಿಗಂತೂ ಅದು ಶತ್ರು. ಪಂಪಿನ ಡಯಾಫ್ರಮ್ಮು ಬಿಗಿ ತಪ್ಪುತ್ತದೆ, ಬಿರುಕು ಬಿಡುತ್ತದೆ; ಬಿರುಕಿನ ಮೂಲಕ ಪೆಟ್ರೋಲು ಎಂಜಿನ್ ಆಯಿಲಿಗೆ ಸೇರುತ್ತದೆ. ಆಯಿಲಿನ ಅಳತೆಯ ಕಡ್ಡಿಯನ್ನು ಎಳೆದು ಮೂಸಿದಾಗ ಪೆಟ್ರೋಲಿನ ವಾಸನೆ ಹೊಡೆದರೆ, ಆಯಿಲಿನ ಮಟ್ಟ ತಾನಾಗಿ ಏರಿದ್ದರೆ, ಗಾಡಿಯನ್ನು ಒಂದಡಿಯೂ ಓಡಿಸಬಾರದು, ಬೇರಿಂಗುಗಳು ಸುಟ್ಟಾವು. ರಬ್ಬರು ಪೈಪು ಒಳಗಿನಿಂದ ಊದಿ ಮೆತ್ತಗಾಗುತ್ತದೆ. ಹೊರಗಿನಿಂದ ನೋಡಿದರೆ ಅದು ಹೊಸದರಂತೆಯೇ ಕಾಣುತ್ತದೆ.

ಬಾತಿಯ ಬಳಿ ನಿಂತ ಜೀಪಿನ ತಪಾಸಣೆಯನ್ನು ಈ ಕ್ರಮದಲ್ಲೇ ಮುಂದುವರಿಸಬಹುದು. ಮುಚ್ಚಳ ತೆರೆದಾಗ ಸದ್ದಾಗಲಿಲ್ಲ. ಆಯಿಲಿಗೆ ಪೆಟ್ರೋಲಿನ ವಾಸನೆಯಿಲ್ಲ. ಕಾರ್ಬುರೇಟರಿನ ಕಡೆಯ ಪೈಪನ್ನು ಬಿಚ್ಚಿ ಸೀಸೆಯೊಳಗೆ ಬಿಟ್ಟು ಸೆಲ್ಫು ಹೊಡೆದಾಗ, ಪ್ರತಿ ಬಡಿತಕ್ಕೂ ಚಿಮ್ಮಬೇಕಾದ ಪೆಟ್ರೋಲು ಒಂದೆರಡು ತೊಟ್ಟಾಗಿ ಉದುರಿತು. ಇಲ್ಲಿ ಪಂಪನ್ನು ಬಿಚ್ಚುವ ಆತುರ ಎಲ್ಲರಿಗೂ ಬರುತ್ತದೆ. ಪಂಪು ಕೆಟ್ಟಿದೆಯೋ, ಪಂಪಿಗೆ ಬರುವ ಹಾದಿ ಕೆಟ್ಟಿದೆಯೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಪಂಪಿನ ಒಳಬಾಯಿಗೆ ಎರಡಡಿಯ ಹೊಸ ಪೈಪು ಸಿಕ್ಕಿಸಿ, ಅದರ ತುದಿಯನ್ನು ಪೆಟ್ರೋಲು ತುಂಬಿದ ಡಬ್ಬಿಯೊಳಗೆ ಮುಳುಗಿಸಿ ಮತ್ತೆ ಸೆಲ್ಫು ಹೊಡೆಯಬೇಕು. ಈಗ ಸೀಸೆಗೆ ಧಾರೆ ಬಲವಾಗಿ ಬಿತ್ತು, ಪಂಪು ದೋಷಮುಕ್ತವಾಯಿತು. ಉಳಿದುದು ಟ್ಯಾಂಕು ಮತ್ತು ಅದರಿಂದ ಬರುವ ಪೈಪು. ಪೈಪಿನ ಮೂಲಕ ಟ್ಯಾಂಕಿನ ಕಡೆಗೆ ಬಾಯಿಂದಲೇ ಊದಿದಾಗ ಒಳಗೆ ಗುಳುಗುಳು ಸದ್ದು ಸಲೀಸಾಗಿ ಕೇಳಿಸಿತು. ಊದಿದರೆ ತೆರೆಯುತ್ತದೆ, ಹೀರಿದರೆ ಮುಚ್ಚುತ್ತದೆ! ಚಾಸಿಯ ಕಬ್ಬಿಣದ ಕೊಳವೆಯನ್ನು ಪಂಪಿಗೆ ಕೂಡಿಸುವ ಗೇಣುದ್ದದ ರಬ್ಬರು ಪೈಪನ್ನು ಕೊಯ್ದು ನೋಡಿದರೆ ಕಾರಣ ಕಣ್ಣೆದುರಿಗೆ ಬಂತು. ಒಳಪದರ ಹೊರಪದರದಿಂದ ಕಳಚಿ ನಾಲಗೆಯಂತೆ ಜೋತಾಡುತ್ತಿತ್ತು. ಎಂಜಿನು ಹೆಚ್ಚು ಪೆಟ್ರೋಲು ಬೇಡಿದಾಗ, ಪಂಪು ಬಲವಾಗಿ ಹೀರಿದೊಡನೆ, ಆ ನಾಲಗೆ ಹಾದಿಯನ್ನು ಮುಚ್ಚುತ್ತಿತ್ತು. ಎಂಜಿನು ನಿಂತು ಹೀರುವಿಕೆ ತಗ್ಗಿದ ಮೇಲೆ ಮೆಲ್ಲಗೆ ತೆರೆದುಕೊಳ್ಳುತ್ತಿತ್ತು. ಗ್ಯಾರೇಜಿನಲ್ಲಿ ನಿಂತಲ್ಲೇ ಓಡುವಾಗ ಅಲ್ಪ ಪೆಟ್ರೋಲೇ ಸಾಕಾದುದರಿಂದ ದೋಷ ಕಾಣಲಿಲ್ಲ. ಮೇಸ್ತ್ರಿ ಸುಳ್ಳು ಹೇಳಿದವನಲ್ಲ, ಅವನ ಮುಂದೆ ಜೀಪು ನಿಲ್ಲಲಿಲ್ಲ ಅಷ್ಟೆ.

ಗೇಣುದ್ದದ ಪೈಪು. ಬೋರು ಹೊಡೆಸುವುದಕ್ಕೂ ಇದಕ್ಕೂ ಇರುವ ಬೆಲೆಯ ಅಂತರವನ್ನು ಯಾರಾದರೂ ಊಹಿಸಿಕೊಳ್ಳಬಹುದು. ಇದೇ ದೋಷವನ್ನು ಇನ್ನೊಂದು ಬಗೆಯಲ್ಲಿ ಮುಚ್ಚಿ ಹಾಕುವವರೂ ಇದ್ದಾರೆ. ಟ್ಯಾಂಕಿನ ಬಳಿ ವಿದ್ಯುತ್ ಪಂಪೊಂದನ್ನು ಕೂರಿಸಿದರೆ ಅದು ಪೆಟ್ರೋಲನ್ನು ಹಿಂದಿನಿಂದ ತಳ್ಳುವುದರಿಂದ ಗಾಡಿ ಓಡುತ್ತದೆ. ಆದರೆ ಮೊದಲು ಗಾಳಿ ಹೀರುತ್ತಿದ್ದ ತೂತು ಈಗ ಬಿಸಿ ಎಂಜಿನಿನ ಮೇಲೆ ಪೆಟ್ರೋಲು ಚಿಮ್ಮುತ್ತದೆ. ರಸ್ತೆಯ ಬದಿಯಲ್ಲಿ ಕಾರ್ಬುರೇಟರಿನ ಬಾಯಿಗೆ ಸೀಸೆಯಿಂದ ಪೆಟ್ರೋಲು ಸುರಿಯುತ್ತ ಸೆಲ್ಫು ಹೊಡೆಸುವ ಸಾಹಸವೂ ಇದೇ ಜಾತಿಯದು. ಒಮ್ಮೆ ಹಿಮ್ಮುಖವಾಗಿ ಉರಿ ಬಂದರೆ ಜೀಪಿನೊಡನೆ ಹುಬ್ಬು ಮೀಸೆಗಳೂ ಹೋದಾವು.

ನಿಲ್ಲದೆಯೇ ಬರಿದೆ ಎಳೆತ ಕಳೆದುಕೊಂಡ ಜೀಪುಗಳ ಮಾತು ಸ್ವಲ್ಪ ಬೇರೆ. ಪಿಕಪ್ಪು ಇಲ್ಲವೆಂದು ಎಂಜಿನನ್ನು ದೂರುವ ಮುನ್ನ ಹತ್ತು ಕಿಲೋಮೀಟರು ಓಡಿಸಿ ನಾಲ್ಕೂ ಚಕ್ರಗಳ ನಡುಭಾಗವನ್ನು ಅಂಗೈಯಿಂದ ಮುಟ್ಟಿ ನೋಡಬೇಕು. ಒಂದು ಮಾತ್ರ ಕಾದಿದ್ದರೆ ಬ್ರೇಕು ಹಿಡಿದುಕೊಂಡಿದೆ. ಹಿಂದಿನ ಪ್ರೊಪೆಲ್ಲರ್ ದಂಡದ ಮೇಲಿನ ಕೈಬ್ರೇಕಿನ ಡ್ರಮ್ಮೂ ಹಾಗೆಯೇ. ಮುಂಚಕ್ರಗಳ ಗೇರನ್ನು ಹೊಲದಲ್ಲಿ ಹಾಕಿ ಡಾಂಬರು ರಸ್ತೆಯಲ್ಲಿ ತೆಗೆಯಲು ಮರೆತವನಿಗೂ ಎಂಜಿನೇ ಸೋಮಾರಿಯಾಗಿ ತೋರುತ್ತದೆ. ಗಾಳಿಯ ಶೋಧಕ ಎಣ್ಣೆಯ ಬಟ್ಟಲಿನ ಮಾದರಿಯದು. ಕಪ್ಪುನೆಲದ ಧೂಳು ಸೇರಿ ಎಣ್ಣೆ ಕೆಸರಾಗಿದ್ದರೆ ತೊಳೆದು ಹೊಸ ಎಣ್ಣೆ ಹಾಕದೆ ಬೇರೇನನ್ನೂ ಮುಟ್ಟಬಾರದು.

ಅನಂತರವೇ ಎಂಜಿನಿನ ಒಳಗಿನ ಪರೀಕ್ಷೆ. ಒಳಗೆಳೆಯುವ ಕೊಳವೆಗೆ ನಿರ್ವಾತಮಾಪಕ ಜೋಡಿಸಿದರೆ, ಸಮುದ್ರಮಟ್ಟದಲ್ಲಿ ಆರೋಗ್ಯವಂತ ಎಂಜಿನು ನಿಂತಲ್ಲಿ ಓಡುವಾಗ ೧೮ರಿಂದ ೨೧ ಅಂಗುಲ ತೋರಿಸುತ್ತದೆಂದು ಪುಸ್ತಕಗಳು ಹೇಳುತ್ತವೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು ೬೦೦ ಮೀಟರು ಎತ್ತರದಲ್ಲಿದೆ, ಎಂದರೆ ಎರಡು ಸಾವಿರ ಅಡಿಯ ಆಸುಪಾಸು. ಸಾವಿರ ಅಡಿಗೆ ಒಂದು ಅಂಗುಲದಂತೆ ಕಳೆಯಬೇಕಾದುದರಿಂದ ಇಲ್ಲಿ ೧೬ರಿಂದ ೧೯ ಬಂದರೆ ಸಂತೋಷ ಪಡತಕ್ಕದ್ದು. ಈ ಲೆಕ್ಕ ಮರೆತು ಒಳ್ಳೆಯ ಎಂಜಿನನ್ನು ಬಿಚ್ಚಿಸಿದರೆ ತಪ್ಪು ಮಾಪಕದ್ದಲ್ಲ. ಮುಳ್ಳು ಸ್ಥಿರವಾಗಿ ನಿಲ್ಲದೆ ಲಯಬದ್ಧವಾಗಿ ತುಯ್ದರೆ ಯಾವುದೋ ವಾಲ್ವು ಕೂರುತ್ತಿಲ್ಲ. ಎಂಜಿನಿನ ವೇಗ ಹೆಚ್ಚಿಸಿ ಹಿಡಿದಾಗ ಮುಳ್ಳು ಮೆಲ್ಲಮೆಲ್ಲನೆ ಇಳಿಯುತ್ತ ಹೋದರೆ ಸೈಲೆನ್ಸರು ಕಟ್ಟಿದೆ.

ಒತ್ತಡದ ಪರೀಕ್ಷೆ ಕೊನೆಯದು. ಎಂಜಿನು ಬಿಸಿಯಿರುವಾಗ ನಾಲ್ಕೂ ಪ್ಲಗ್ಗು ತೆಗೆದು, ಕಾಯಿಲಿನ ತಂತಿ ಬಿಡಿಸಿಟ್ಟು, ಆಕ್ಸಲರೇಟರನ್ನು ಪೂರ್ತಿ ತುಳಿದು ಅಳೆಯಬೇಕು. ಅಂಕ ಎಷ್ಟೆಂಬುದಕ್ಕಿಂತ ನಾಲ್ಕರ ನಡುವೆ ಹತ್ತು ಪೌಂಡಿಗಿಂತ ಹೆಚ್ಚಿನ ಅಂತರವಿಲ್ಲದಿರುವುದು ಮುಖ್ಯ. ಕಡಮೆಯಾದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆದಾಗ ಅಂಕ ಏರಿದರೆ ರಿಂಗು ಸವೆದಿದೆ; ಏರದಿದ್ದರೆ ವಾಲ್ವಿನ ದೋಷ. ಅಕ್ಕಪಕ್ಕದ ಎರಡು ಮಾತ್ರ ಒಟ್ಟಿಗೇ ಕುಸಿದಿದ್ದರೆ ನಡುವಿನ ಗ್ಯಾಸ್ಕೆಟ್ಟು ಸುಟ್ಟಿದೆ. ವಾಲ್ವಿನ ದೋಷವೆಂದೊಡನೆ ತಲೆ ಇಳಿಸಬೇಕಾಗಿಯೂ ಇಲ್ಲ. ಸಂದು ಹೊಂದಿಸಿದರೇ ಸರಿಹೋದೀತು. ಸಿಜೆ-೩ಬಿಯ ಎಂಜಿನಿನಲ್ಲಿ ಒಳಗೆಳೆಯುವ ವಾಲ್ವಿಗೆ ೦.೦೧೮, ಹೊಗೆಯ ವಾಲ್ವಿಗೆ ೦.೦೧೬ ಅಂಗುಲದ ಸಂದು, ತಣ್ಣಗಿರುವಾಗ. ಹೊಗೆಯ ವಾಲ್ವಿನ ಸಂದು ತೀರ ಬಿಗಿಯಾಗಿದ್ದರೆ ಬಿಸಿಯೇರಿದಾಗ ಅದು ಪೂರ್ತಿ ಮುಚ್ಚದೆ ಎಳೆತ ಹೋಗುತ್ತದೆ. ತಣ್ಣಗಿರುವಾಗ ಚೆನ್ನ, ಬಿಸಿಯಾದಾಗ ಸೋಲು ಎಂಬ ದೂರಿಗೆ ಇದೂ ಒಂದು ಕಾರಣವೆಂಬುದನ್ನು ನೆನಪಿಡಬೇಕು.

ಬಾತಿಯ ಜೀಪಿನ ಒಡೆಯನಿಗೆ ಇದಾವುದೂ ಬೇಕಾಗಲಿಲ್ಲ. ಎಥನಾಲನ್ನು ತಾಳುವ ಹೊಸ ಪೈಪನ್ನು ಎರಡು ಕ್ಲಿಪ್ಪಿನಿಂದ ಬಿಗಿದು, ಟ್ಯಾಂಕನ್ನು ಇಳಿಸಿ ತೊಳೆಸಿ, ಪಂಪಿಗೆ ಹೊಸ ಡಯಾಫ್ರಮ್ಮು ಹಾಕಿಸಿದ ಮೇಲೆ ಉಳಿಯುವ ಕೆಲಸ ಒಂದೇ. ಮೊದಲ ನೂರು ಕಿಲೋಮೀಟರಿನ ಅನಂತರ ಪಂಪಿನ ಗಾಜಿನ ಬಟ್ಟಲನ್ನು ಬಿಚ್ಚಿ ತಳದಲ್ಲಿ ತುಕ್ಕು ಕುಳಿತಿದೆಯೇ ಎಂದು ನೋಡುವುದು, ಕುಳಿತಿದ್ದರೆ ತೊಳೆದು ಹೊಸ ವಾಷರಿನೊಡನೆ ಕೂರಿಸುವುದು, ಇನ್ನೂ ನೂರು ಕಿಲೋಮೀಟರಿನ ಮೇಲೆ ಮತ್ತೊಮ್ಮೆ ನೋಡುವುದು.